ಪ್ಯಾಚ್ ಬಂದ ರಾತ್ರಿ ನಿಮ್ಮ ಸೈಟ್ ಸಿದ್ಧವಾಗಿರುತ್ತದೆಯಾ?

2014ರ ಅಕ್ಟೋಬರ್ 15, ಬುಧವಾರ. ನಮ್ಮ ಸಮಯ ರಾತ್ರಿ ಒಂಬತ್ತೂವರೆ ಸುಮಾರಿಗೆ ವೆಬ್‌ಸೈಟ್ ಕಟ್ಟಿ ನಡೆಸುವ ಸಾಫ್ಟ್‌ವೇರ್ ಆದ ಡ್ರೂಪಲ್‌ನ ತಂಡ ಒಂದು ಸೆಕ್ಯುರಿಟಿ ಪ್ಯಾಚ್, ಅಂದರೆ ಭದ್ರತೆಯ ತೂತು ಮುಚ್ಚುವ ತಿದ್ದುಪಡಿ, ಬಿಟ್ಟಿತು. ಡೇಟಾಬೇಸ್‌ಗೆ ಹೋಗುವ ಕ್ವೆರಿಗಳನ್ನು (ಮಾಹಿತಿ ಕೇಳುವ ಆದೇಶಗಳನ್ನು) ಸುರಕ್ಷಿತವಾಗಿ ಕಟ್ಟಬೇಕಾದ ಕೋಡ್‌ನಲ್ಲೇ ತೂತು ಇತ್ತು. ಲಾಗಿನ್ ಕೂಡ ಬೇಕಿರಲಿಲ್ಲ, ಯಾರು ಬೇಕಾದರೂ ಒಳಗೆ ನುಗ್ಗಬಹುದಿತ್ತು. ಸರಿಪಡಿಸಲು ಬದಲಾಯಿಸಿದ್ದು ಒಂದೇ ಸಾಲು. ಎರಡು ವಾರದ ನಂತರ ಅದೇ ತಂಡ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಪ್ರಕಟಣೆಯಾದ 7 ಗಂಟೆಯೊಳಗೆ ಪ್ಯಾಚ್ ಹಾಕದಿದ್ದರೆ ನಿಮ್ಮ ಸೈಟ್ ಹ್ಯಾಕ್ ಆಗಿದೆ ಎಂದೇ ತಿಳಿಯಿರಿ. ಆ 7 ಗಂಟೆ ಮುಗಿದಾಗ ಬೆಂಗಳೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ.

ದಾಳಿ ಮಾಡಿದವರಲ್ಲಿ ಕೆಲವರು ಒಳಗೆ ಬಂದ ಮೇಲೆ ತಾವೇ ಪ್ಯಾಚ್ ಹಾಕುತ್ತಿದ್ದರು. ಬೇರೆ ಯಾರೂ ಬರಬಾರದಲ್ವಾ, ಅದಕ್ಕೆ. ಹಾಗಾಗಿ ನೀವು ಮುಟ್ಟದೆಯೇ ಸೈಟ್ ಸರಿಹೋಗಿದ್ದರೆ ಅದೇ ಕೆಟ್ಟ ಸುದ್ದಿ. ಹಿಂಬಾಗಿಲುಗಳನ್ನು ಡೇಟಾಬೇಸ್ ಒಳಗೂ ಅಡಗಿಸಿಡಬಹುದಿತ್ತು. ಫೈಲ್‌ಗಳನ್ನು ಎಷ್ಟು ಹುಡುಕಿದರೂ ಅವು ಸಿಗುವುದಿಲ್ಲ. ಅಕ್ಟೋಬರ್ 15ಕ್ಕಿಂತ ಹಿಂದಿನ ಬ್ಯಾಕಪ್‌ನಿಂದ ಸೈಟನ್ನು ಮತ್ತೆ ಎತ್ತಿ ನಿಲ್ಲಿಸಿ ಎನ್ನುವುದೇ ಆಗ ಸಿಕ್ಕ ಸಲಹೆ.

ದೊಡ್ಡ ಸೈಟ್ ನೋಡಿಕೊಳ್ಳುವ ತಂಡಗಳಿಗೆ ನಾನು ಮೊದಲು ಕೇಳುವುದು ಇಷ್ಟೇ: ಒಂದು ಸಾಲಿನ ಬದಲಾವಣೆ ಓದುಗರು ನೋಡುವ ನಿಮ್ಮ ಲೈವ್ ಸೈಟ್ ತಲುಪಲು ಎಷ್ಟು ಹೊತ್ತು ಬೇಕು? ‘ಎರಡು ವಾರ’ ಎನ್ನುವವರೇ ಜಾಸ್ತಿ. ಅವರು ಸೋಮಾರಿಗಳಲ್ಲ. ಪ್ರತಿ ಡಿಪ್ಲಾಯ್‌ಮೆಂಟ್ (ಬದಲಾವಣೆಯನ್ನು ಲೈವ್‌ಗೆ ಏರಿಸುವುದು) ಕೂಡ ಅವರಿಗೆ ಒಂದು ಭಯ. ಆ ಭಯಕ್ಕೆ ಕಾರಣವೂ ಇದೆ.

ಇಂಥ ಸೈಟ್ ಮೂರು ಕಡೆ ಇರುತ್ತದೆ: ಕೋಡ್, ಡೇಟಾಬೇಸ್, ಅಪ್‌ಲೋಡ್ ಮಾಡಿದ ಫೈಲ್‌ಗಳು. ಕೋಡ್ ಡೆವಲಪರ್‌ನ ಲ್ಯಾಪ್‌ಟಾಪ್‌ನಿಂದ ಸ್ಟೇಜಿಂಗ್‌ಗೆ (ಪರೀಕ್ಷೆಯ ನಕಲು ಸೈಟ್‌ಗೆ), ಅಲ್ಲಿಂದ ಲೈವ್‌ಗೆ ಹೋಗುತ್ತದೆ. ಬರಹ, ಚಿತ್ರಗಳು ಲೈವ್‌ನಲ್ಲೇ ಹುಟ್ಟುತ್ತವೆ, ಅಲ್ಲಿಂದ ಕೆಳಗಿಳಿದು ಬರುತ್ತವೆ. ಈ ಎರಡು ದಾರಿ ಅಡ್ಡ ಬರದಿದ್ದರೆ ಜೀವನ ಸುಲಭ. ತೊಂದರೆ ಕೊಡುವುದು ಕಾನ್ಫಿಗರೇಷನ್, ಅಂದರೆ ಸೈಟಿನ ಸೆಟ್ಟಿಂಗ್‌ಗಳು. ಯಾವ ಪುಟದಲ್ಲಿ ಯಾವ ಬ್ಲಾಕ್, ಯಾವ ಫಾರ್ಮ್‌ನಲ್ಲಿ ಯಾವ ಫೀಲ್ಡ್, ಯಾರಿಗೆ ಯಾವ ಅನುಮತಿ, ಇವೆಲ್ಲ ಡೇಟಾಬೇಸ್‌ನಲ್ಲಿ ಕೂತಿರುತ್ತವೆ. ಆದರೆ ಕೋಡ್‌ನಂತೆ ಪರೀಕ್ಷೆಯಾಗಿ ಮೇಲೆ ಹೋಗಬೇಕು. 2015ರ ನವೆಂಬರ್‌ನಲ್ಲಿ ಬಂದ ಡ್ರೂಪಲ್ 8 ಈ ಗಂಟನ್ನು ಬಿಡಿಸಿತು. ಕಾನ್ಫಿಗರೇಷನ್ ಎಲ್ಲವನ್ನೂ ಯಾಮಲ್ ಎಂಬ ಸರಳ ಪಠ್ಯ ಫೈಲ್‌ಗಳಾಗಿ ಹೊರತೆಗೆದು, ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ಗೆ ಹಾಕಬಹುದು. ಡ್ರೂಪಲ್‌ಗೆ ಕಮಾಂಡ್ ಕೊಡುವ ಸಾಧನ ಡ್ರಶ್. ಲೈವ್‌ನಲ್ಲಿ ‘ಡ್ರಶ್ ಡಿಪ್ಲಾಯ್’ ಅಂತ ಒಂದು ಕಮಾಂಡ್ ಕೊಟ್ಟರೆ ಡೇಟಾಬೇಸ್ ಅಪ್‌ಡೇಟ್, ಕಾನ್ಫಿಗರೇಷನ್ ಇಂಪೋರ್ಟ್, ಕ್ಯಾಶ್ (ಬೇಗ ಕೊಡಲು ಸಿದ್ಧವಾಗಿಟ್ಟ ಪುಟಗಳ ನಕಲು) ಕೆಲಸ ಎಲ್ಲವೂ ಸರಿಯಾದ ಕ್ರಮದಲ್ಲಿ ನಡೆಯುತ್ತದೆ.

ಇದಕ್ಕೆ ಒಂದು ಶಿಸ್ತು ಬೇಕು. ಲೈವ್‌ನಲ್ಲಿ ಯಾರಾದರೂ ಸುಮ್ನೆ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಮುಂದಿನ ಇಂಪೋರ್ಟ್ ಅದನ್ನು ಅಳಿಸಿಹಾಕುತ್ತದೆ. ಸಂಪಾದಕರು ಮಧ್ಯಾಹ್ನ ಸೇರಿಸಿದ ಫಾರ್ಮ್ ಸಂಜೆ ಮಾಯ! ಹಾಗಾಗಿ ಲೈವ್‌ನಲ್ಲಿ ಸೆಟ್ಟಿಂಗ್ ಮುಟ್ಟುವ ಅನುಮತಿಯನ್ನೇ ತೆಗೆಯಿರಿ. ಒಂದೆರಡು ವಾರ ಬೈಗುಳ ತಿನ್ನಬೇಕಾಗುತ್ತದೆ, ತಿನ್ನಿ.

ರೋಲ್‌ಬ್ಯಾಕ್, ಅಂದರೆ ಹಳೆಯ ಸ್ಥಿತಿಗೆ ಮರಳುವುದರ ಬಗ್ಗೆ, ತಪ್ಪು ನಂಬಿಕೆ ಬಹಳ ಇದೆ. ಕೋಡನ್ನು ಹಿಂದಕ್ಕೆ ತರುವುದು ಒಂದು ನಿಮಿಷದ ಕೆಲಸ. ಡೇಟಾಬೇಸ್ ಹಾಗಲ್ಲ. ಅಪ್‌ಡೇಟ್ ಓಡಿದ ಮೇಲೆ ಟೇಬಲ್‌ಗಳ ರೂಪವೇ ಬದಲಾಗಿರುತ್ತದೆ. ಡಿಪ್ಲಾಯ್‌ಗೆ ಮುಂಚಿನ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ಹಾಕಿದರೆ ಆಮೇಲೆ ಪ್ರಕಟವಾದ ಲೇಖನ, ಬಂದ ಅರ್ಜಿ, ಹೊಸ ಸದಸ್ಯರು ಎಲ್ಲ ಹೋಗುತ್ತಾರೆ. ಸುದ್ದಿ ಸೈಟ್‌ನಲ್ಲಿ ಅರ್ಧ ಗಂಟೆಯ ನಷ್ಟ ಎಂದರೆ ಏನೆಂದು ಯೋಚಿಸಿ. ಅದಕ್ಕೇ ನಾನು ಬದಲಾವಣೆಯನ್ನು ಎರಡು ಕಂತು ಮಾಡುತ್ತೇನೆ. ಮೊದಲು ಹೊಸ ಫೀಲ್ಡ್ ಸೇರಿಸುವುದು, ಹಳೆಯದನ್ನು ಹಾಗೇ ಬಿಡುವುದು. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮುಂದಿನ ಬಿಡುಗಡೆಯಲ್ಲಿ ಹಳೆಯದನ್ನು ತೆಗೆಯುವುದು. ಆಗ ಕೋಡ್ ಹಿಂದೆ ಹೋದರೂ ಡೇಟಾ ಮುಟ್ಟಬೇಕಾಗಿಲ್ಲ.

ಸ್ಟೇಜಿಂಗ್‌ಗೆ ಲೈವ್ ಡೇಟಾಬೇಸ್ ನಕಲು ತರುವಾಗ ಬಳಕೆದಾರರ ಇಮೇಲ್ ವಿಳಾಸ, ಪಾಸ್‌ವರ್ಡ್ ಬದಲಿಸಿಬಿಡಿ. ಡ್ರಶ್‌ನಲ್ಲೇ ಅದಕ್ಕೆ ಕಮಾಂಡ್ ಇದೆ. ಇಲ್ಲವಾದರೆ ನಿಮ್ಮ ಪರೀಕ್ಷೆಯ ಮೇಲ್ ನಿಜವಾದ ಓದುಗರಿಗೆ ಹೋಗುತ್ತದೆ. ಕನ್ನಡ ಸೈಟ್ ಆದರೆ ಇನ್ನೊಂದು ಮಾತು. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಲಿನಕ್ಸ್ ಸರ್ವರ್‌ಗಳಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಅಂದರೆ 85 ಸಂಕೇತ ಮಾತ್ರ. ಒತ್ತಕ್ಷರ, ಗುಣಿತ ಸೇರಿದರೆ ಆ 85 ಬೇಗ ಮುಗಿಯುತ್ತದೆ. ಪೂರ್ತಿ ಶೀರ್ಷಿಕೆಯನ್ನೇ ಫೈಲ್ ಹೆಸರಾಗಿ ಕೊಟ್ಟ ಪಿಡಿಎಫ್ ಅಪ್‌ಲೋಡ್ ಆಗದಿದ್ದಾಗ ಮೊದಲು ಅಲ್ಲೇ ನೋಡಿ.

ಡಿಪ್ಲಾಯ್ ಯಾವಾಗ ಮಾಡಬೇಕು? ಮಧ್ಯರಾತ್ರಿ ಓದುಗರು ಕಡಿಮೆ, ನಿಜ. ಆದರೆ ಏನಾದರೂ ಕೆಟ್ಟರೆ ಎಬ್ಬಿಸಲು ಯಾರೂ ಸಿಗುವುದಿಲ್ಲ. ನನಗೆ ವಾರದ ಮಧ್ಯದ ಬೆಳಿಗ್ಗೆಯೇ ಇಷ್ಟ, ಎಲ್ಲರೂ ಸೀಟಿನಲ್ಲಿರುವಾಗ. ಕ್ಯಾಶ್ ಖಾಲಿಯಾದ ಕ್ಷಣ ಎಲ್ಲ ಓದುಗರ ಭಾರ ಒಟ್ಟಿಗೆ ಡೇಟಾಬೇಸ್ ಮೇಲೆ ಬೀಳುತ್ತದೆ ಎನ್ನುವುದು ನೆನಪಿರಲಿ. ಸೈಟಿನ ಮುಂದೆ ವಾರ್ನಿಶ್ ಎಂಬ ಕ್ಯಾಶ್ ಸರ್ವರ್ ಇಟ್ಟು, ಹೊಸ ಪುಟ ತಯಾರಾಗುವವರೆಗೆ ಹಳೆಯ ಪುಟವನ್ನೇ ಕೊಡುವಂತೆ ಮಾಡಿದರೆ ಓದುಗರಿಗೆ ಗೊತ್ತೂ ಆಗುವುದಿಲ್ಲ.

ಬ್ಯಾಕಪ್ ಇದೆ ಎಂದು ಎಲ್ಲರೂ ಹೇಳುತ್ತಾರೆ. ಕಳೆದ ಮೂರು ತಿಂಗಳಲ್ಲಿ ಅದನ್ನು ಬೇರೆ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿದ್ದೀರಾ? ಕನ್ನಡ ಅಕ್ಷರಗಳು ಸರಿಯಾಗಿ ಬಂದವಾ? ಡಂಪ್ ತೆಗೆಯುವಾಗ ಕ್ಯಾರೆಕ್ಟರ್ ಸೆಟ್ (ಅಕ್ಷರ ಉಳಿಸುವ ಪದ್ಧತಿ) ತಪ್ಪಿದ್ದರೆ ಇಡೀ ಸೈಟ್ ಓದಲಾಗದ ಗೀಚಾಗಿ ಮರಳುತ್ತದೆ.

ಡ್ರೂಪಲ್ 7ರ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಅದು ಬಿಡುಗಡೆಯಾಗಿ ಸರಿಯಾಗಿ 14 ವರ್ಷವಾಗಿತ್ತು. ಇನ್ನೂ ಅದರಲ್ಲೇ ಇರುವವರಿಗೆ ಡ್ರೂಪಲ್ ತಂಡದಿಂದ ಪ್ಯಾಚ್ ಬರುವುದಿಲ್ಲ. 7ರಿಂದ ಇಂದಿನ ಆವೃತ್ತಿಗೆ ಹೋಗುವುದು ಅಪ್‌ಡೇಟ್ ಅಲ್ಲ, ಹೊಸ ಸೈಟ್ ಕಟ್ಟಿ ಬರಹಗಳನ್ನು ಅಲ್ಲಿಗೆ ಸಾಗಿಸುವ ಕೆಲಸ. ಡೆವಲಪರ್‌ಗಳನ್ನು ಹುಡುಕುವ ಮೊದಲು ಸಂಪಾದಕರ ಜೊತೆ ಕೂತು ಯಾವ ಬರಹ ಸಾಗಿಸಬೇಕು, ಯಾವುದನ್ನು ಅಲ್ಲೇ ಬಿಡಬಹುದು ಎಂದು ಪಟ್ಟಿ ಮಾಡಿ. ವೆಚ್ಚದ ಅಂದಾಜು ಆ ಪಟ್ಟಿ ಕೈಗೆ ಬಂದ ಮೇಲೇ ಸಿಗುತ್ತದೆ.