ಆಡಿಟರ್ ಸಹಿ ಉಂಟಲ್ಲ, ಇನ್ನೆಂತ ನೋಡ್ಲಿಕ್ಕುಂಟು?

ಪ್ರಶ್ನೆ: ನನ್ನಲ್ಲಿ ಒಂದು ಬ್ಯಾಂಕಿನ ಷೇರುಗಳಿವೆ. ವಾರ್ಷಿಕ ವರದಿ ಮೇಲ್‌ನಲ್ಲಿ ಬಂದಿದೆ, 300ಕ್ಕೂ ಜಾಸ್ತಿ ಪುಟ. ಇದನ್ನೆಲ್ಲ ಓದಬೇಕಾ? ಲಾಭ ಬಂದಿದೆ, ಆಡಿಟರ್ ಸಹಿಯೂ ಇದೆ. ಅಷ್ಟು ನೋಡಿದರೆ ಸಾಲದೇ?
ಉಡುಪಿಯ ಓದುಗರು

ಉತ್ತರ: ಸಾಲದು.

ಮಳೆಗಾಲ ಹಿಡಿಯಿತೆಂದರೆ ಈ ಪ್ರಶ್ನೆಯೂ ಬರುತ್ತದೆ. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿ ಸೆಪ್ಟೆಂಬರ್ 30ರೊಳಗೆ ಮಹಾಸಭೆ ಕರೆಯಬೇಕು. ವರದಿ ಅದಕ್ಕೂ 21 ದಿನ ಮೊದಲೇ ನಿಮ್ಮ ಕೈ ಸೇರಬೇಕು. ನಮ್ಮ ಕಡೆಯವರಲ್ಲಿ ಕರ್ಣಾಟಕ ಬ್ಯಾಂಕ್, ಕೆನರಾ ಬ್ಯಾಂಕ್, ಎಂಆರ್‌ಪಿಎಲ್ ಷೇರು ಇಟ್ಟುಕೊಂಡವರು ತುಂಬ ಜನ. ಡಿವಿಡೆಂಡ್ ಎಷ್ಟೆಂದು ನೋಡಿ ಫೈಲ್ ಮುಚ್ಚುವವರೇ ಹೆಚ್ಚು.

300 ಪುಟವನ್ನೂ ಓದಬೇಡಿ. ಅಧ್ಯಕ್ಷರ ಪತ್ರ, ಗಿಡ ನೆಡುವ ಫೋಟೋ, ಪ್ರಶಸ್ತಿಗಳ ಪುಟ ಎಲ್ಲ ದಾಟಿ ಹೋಗಿ. ಆಡಿಟರ್ ವರದಿಯಿಂದಲೇ ಶುರು ಮಾಡಿ. ಆದರೆ ಸಹಿ ಇದೆಯಾ ಎಂದು ನೋಡಲಿಕ್ಕಲ್ಲ.

ಈ ಸಹಿಯ ಭ್ರಮೆ ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ ಮಾರಾಯ್ರೆ. ಆಡಿಟರ್ ಒಪ್ಪಿದ್ದಾರೆ, ಹಾಗಾಗಿ ಕಂಪನಿ ಗಟ್ಟಿ ಅಂತೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರೂ ಇದನ್ನೇ ಹೇಳುವಾಗ ನನಗೆ ಏನು ಹೇಳುವುದೆಂದೇ ತಿಳಿಯುವುದಿಲ್ಲ.

ಲೆಕ್ಕ ಬರೆಯುವುದು ಕಂಪನಿ, ಆಡಿಟರ್ ಅಲ್ಲ. ಅದರ ಹೊಣೆ ನಿರ್ದೇಶಕರದ್ದು ಎಂದು ವರದಿಯಲ್ಲೇ ಬರೆದಿರುತ್ತದೆ. ಈ ಲೆಕ್ಕ ಕಂಪನಿಯ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತದೆ ಎಂಬುದಷ್ಟೇ ಆಡಿಟರ್ ಅಭಿಪ್ರಾಯ. ಸ್ಥಿತಿ ಚೆನ್ನಾಗಿದೆ ಎಂದು ಅವರು ಎಲ್ಲೂ ಹೇಳಿಲ್ಲ. ನೂರು ಕೋಟಿ ನಷ್ಟ ಮಾಡಿದ ಕಂಪನಿ ಆ ನೂರು ಕೋಟಿಯನ್ನು ನಿಯಮದ ಪ್ರಕಾರ ಬರೆದರೆ ಅದಕ್ಕೂ ಕ್ಲೀನ್ ರಿಪೋರ್ಟ್, ಅಂದರೆ ತಕರಾರಿಲ್ಲದ ವರದಿ, ಸಿಗುತ್ತದೆ. ಸಿಗಲೇಬೇಕು.

ಅವರು ಒಂದೊಂದು ವೋಚರನ್ನೂ ನೋಡಿರುವುದಿಲ್ಲ. ಮಲ್ಪೆಯಲ್ಲಿ ಬುಟ್ಟಿಯ ಬಂಗುಡೆಯನ್ನೆಲ್ಲ ಯಾರಾದರೂ ತಿರುವಿ ನೋಡುತ್ತಾರಾ? ನಾಲ್ಕೈದು ಎತ್ತಿ ಕಿವಿರು ನೋಡುತ್ತಾರೆ. ಆಡಿಟ್ ಕೂಡ ಹಾಗೆಯೇ, ಆಯ್ದು ನೋಡುವುದು. ದೊಡ್ಡ ಬ್ಯಾಂಕಾದರೆ ಇಂತಿಷ್ಟು ಶಾಖೆಗಳನ್ನು ನಾವು ನೋಡಿಲ್ಲ, ಬೇರೆ ಆಡಿಟರ್‌ಗಳು ನೋಡಿದ್ದಾರೆ ಎಂದು ಅವರೇ ಬರೆದಿರುತ್ತಾರೆ. ಆಡಿಟ್ ಮಾಡಿದ ಮಾತ್ರಕ್ಕೆ ಪ್ರತಿ ತಪ್ಪೂ ಸಿಕ್ಕೇ ಸಿಗುತ್ತದೆ ಎಂಬ ಗ್ಯಾರಂಟಿ ಇಲ್ಲ ಎಂಬ ಮಾತೂ ಅದೇ ವರದಿಯ ಕೊನೆಯ ಭಾಗದಲ್ಲಿ ಇರುತ್ತದೆ. ಅವರೇ ಇಲ್ಲ ಅಂದ ಗ್ಯಾರಂಟಿಯನ್ನು ನೀವು ಎಲ್ಲಿಂದ ತಂದಿರಿ?

ಇಷ್ಟಾದರೂ ನಂಬಿಕೆ ಬಾರದವರಿಗೆ ಸತ್ಯಂ ಎಂಬ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯ ಕಥೆ ಇದೆಯಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್‌ನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಹಣ ಬ್ಯಾಂಕಿನಲ್ಲಿ ಇದೆಯೋ ಇಲ್ಲವೋ ಎಂಬುದು ಆಡಿಟ್‌ನ ಮೊದಲ ಪಾಠ. ಅಂಥ ಲೆಕ್ಕಕ್ಕೂ ವರ್ಷ ವರ್ಷ ದೊಡ್ಡ ಹೆಸರಿನ ಆಡಿಟ್ ಸಂಸ್ಥೆಯ ಸಹಿ ಬಿದ್ದಿತ್ತು. ಹಿಂದಿನ ವರ್ಷವಷ್ಟೇ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ಪ್ರಶಸ್ತಿಗಳ ಪುಟ ದಾಟಿ ಎಂದು ಸುಮ್ನೆ ಹೇಳಿದ್ದಲ್ಲ.

ಹಾಗಾದರೆ ಆಡಿಟರ್ ವರದಿಯಲ್ಲಿ ನೋಡುವುದೆಂತ? ಮಾತುಗಳನ್ನು. 'ಇದೊಂದನ್ನು ಬಿಟ್ಟು ಉಳಿದದ್ದು ಸರಿ' ಅಂದರೆ ಅದು ಕ್ವಾಲಿಫೈಡ್ ಅಭಿಪ್ರಾಯ. ಬಿಟ್ಟ ಆ 'ಇದೊಂದು' ಯಾವುದು, ಎಷ್ಟು ಕೋಟಿಯದ್ದು ಎಂದು ಹುಡುಕಿ. ಲೆಕ್ಕವೇ ಸರಿ ಇಲ್ಲ ಅಂದರೆ ಅಡ್ವರ್ಸ್. ಅಭಿಪ್ರಾಯ ಕೊಡಲಿಕ್ಕೇ ಆಗುವುದಿಲ್ಲ ಅಂದರೆ ಡಿಸ್‌ಕ್ಲೈಮರ್. ಈ ಕೊನೆಯ ಎರಡು ಕಂಡರೆ ಮುಂದೆ ಓದುವ ಕೆಲಸವೇ ಇಲ್ಲ. ಕಂಪನಿ ಮುಂದುವರಿಯುವುದೇ ಅನುಮಾನ ಎಂದಾದರೆ 'ಗೋಯಿಂಗ್ ಕನ್ಸರ್ನ್' ಎಂಬ ತಲೆಬರಹದಡಿ ಬೇರೆಯೇ ಬರೆಯುತ್ತಾರೆ. ಅಭಿಪ್ರಾಯ ಕ್ಲೀನ್ ಇದ್ದಾಗಲೂ ಈ ತಲೆಬರಹ ಇರಬಹುದು. ಸಹಿ ಮಾತ್ರ ನೋಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ಕೀ ಆಡಿಟ್ ಮ್ಯಾಟರ್ಸ್. ಲಿಸ್ಟೆಡ್ (ಷೇರುಪೇಟೆಯಲ್ಲಿ ವಹಿವಾಟಾಗುವ) ಕಂಪನಿಗಳಲ್ಲಿ 2018-19ರ ಲೆಕ್ಕದಿಂದ ಇದು ಕಡ್ಡಾಯ. ತಮಗೆ ಯಾವ ವಿಷಯ ಹೆಚ್ಚು ತಲೆನೋವು ಕೊಟ್ಟಿತು ಎಂದು ಆಡಿಟರ್ ಇಲ್ಲಿ ಹೇಳುತ್ತಾರೆ. ಬ್ಯಾಂಕಾದರೆ ಸಾಮಾನ್ಯವಾಗಿ ಕೆಟ್ಟ ಸಾಲವನ್ನು ಗುರುತಿಸುವುದು ಮತ್ತು ಅದಕ್ಕೆ ಹಣ ತೆಗೆದಿಡುವುದು. ಇಡೀ ವರದಿಯಲ್ಲಿ ನನಗೆ ಇಷ್ಟದ ಪುಟಗಳು ಇವು. ಹೋದ ವರ್ಷದ್ದನ್ನೂ ಪಕ್ಕದಲ್ಲಿ ತೆರೆದಿಟ್ಟು ಓದಿ. ಹೊಸದಾಗಿ ಏನು ಸೇರಿದೆ ಎಂಬುದೇ ಅರ್ಧ ಉತ್ತರ.

ಆಡಿಟರ್ ಬದಲಾದ ಕೂಡಲೇ ಗಾಬರಿ ಬೇಡ. ಬ್ಯಾಂಕುಗಳಲ್ಲಿ ಮೂರು ವರ್ಷಕ್ಕೆ ಬದಲಾಗಬೇಕೆಂದು 2021ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದಿದೆ. ಲಿಸ್ಟೆಡ್ ಕಂಪನಿಗಳಲ್ಲಿ ಒಂದು ಆಡಿಟ್ ಸಂಸ್ಥೆಗೆ ಸತತ ಹತ್ತು ವರ್ಷದ ಮಿತಿ. ಅವಧಿಯ ಮಧ್ಯದಲ್ಲಿ ರಾಜೀನಾಮೆ ಕೊಟ್ಟು ಹೋದರೆ ಮಾತ್ರ ಯಾಕೆಂದು ವಿಚಾರಿಸಿ.

ಉಳಿದದ್ದು ಬೇಗ ಮುಗಿಯುತ್ತದೆ. ಬ್ಯಾಂಕಾದರೆ ಲೆಕ್ಕದ ಜೊತೆಗಿರುವ ವಿವರ ಪಟ್ಟಿಗಳಲ್ಲಿ ಷೆಡ್ಯೂಲ್ 18ರಲ್ಲಿ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕ, ಷೆಡ್ಯೂಲ್ 12ರಲ್ಲಿ ಮುಂದೆ ತಲೆಗೆ ಬೀಳಬಹುದಾದ ಹೊಣೆಗಳು. ಬೇರೆ ಕಂಪನಿಯಾದರೆ ಲಾಭದ ಜೊತೆ ಕ್ಯಾಶ್ ಫ್ಲೋ, ಅಂದರೆ ನಗದು ನಿಜಕ್ಕೂ ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನೂ ನೋಡಿ. ಎಂಆರ್‌ಪಿಎಲ್‌ನಂಥ ರಿಫೈನರಿಯಲ್ಲಿ ಕಚ್ಚಾತೈಲದ ಬೆಲೆ ಏರಿದರೆ ಟ್ಯಾಂಕಿನಲ್ಲಿರುವ ಹಳೇ ಸ್ಟಾಕಿನಿಂದಲೇ ಲಾಭ ಉಬ್ಬುತ್ತದೆ, ಇಳಿದರೆ ತಗ್ಗುತ್ತದೆ. ಒಂದು ವರ್ಷದ ಲಾಭ ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ.

ವರದಿ ತೆರೆದಿರುವಾಗಲೇ ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಯಾರೂ ಪಡೆಯದೆ ಉಳಿದ ಡಿವಿಡೆಂಡ್‌ನ ವಿವರವೂ ಅದರಲ್ಲಿರುತ್ತದೆ. ಕಂಪನಿ ಕಾಯ್ದೆಯ ಪ್ರಕಾರ ಸತತ ಏಳು ವರ್ಷ ಪಡೆಯದಿದ್ದರೆ ಹಣವೂ ಷೇರೂ ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಹೋಗುತ್ತವೆ. ಐಇಪಿಎಫ್-5 ಅರ್ಜಿ ಹಾಕಿ ವಾಪಸ್ ಪಡೆಯಬಹುದು.

ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇದು ಸಣ್ಣ ವಿಷಯವಲ್ಲ. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಮೂರೂ ಇಲ್ಲಿ ಹುಟ್ಟಿದ ಬ್ಯಾಂಕುಗಳು. ಅಜ್ಜನ ಕಪಾಟಿನಲ್ಲಿ ಅವುಗಳ ಷೇರು ಪತ್ರ ಸಿಕ್ಕಿದರೆ, ಬ್ಯಾಂಕೇ ಇಲ್ಲವಲ್ಲ ಎಂದು ರದ್ದಿಗೆ ಹಾಕಬೇಡಿ. ವಿಜಯಾದ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402, ಕಾರ್ಪೊರೇಷನ್ನಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330, ಸಿಂಡಿಕೇಟಿನ 1,000ಕ್ಕೆ ಕೆನರಾದ 158 ಷೇರು ಎಂದು ವಿಲೀನದಲ್ಲಿ ನಿಗದಿಯಾಗಿದೆ. 2024ರ ಮೇನಲ್ಲಿ ಕೆನರಾ ತನ್ನ ಒಂದು ಷೇರನ್ನು ಐದು ಮಾಡಿತು. ಅಂದರೆ ಆ 158 ಈಗ 790. ಪತ್ರದ ಮೇಲಿನ ಫೋಲಿಯೋ ನಂಬರ್ ಬರೆದುಕೊಂಡು ಈಗಿನ ಬ್ಯಾಂಕಿನ ಷೇರು ರಿಜಿಸ್ಟ್ರಾರ್‌ಗೆ (ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆ) ಬರೆಯಿರಿ. ಅಜ್ಜ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ ಕೇಳುತ್ತಾರೆ. ನಿಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆಯೂ (ಷೇರನ್ನು ಕಂಪ್ಯೂಟರ್ ದಾಖಲೆಯಾಗಿ ಇಡುವ ಖಾತೆ) ಬೇಕು, ಕಾಗದದ ಷೇರನ್ನು ಹಾಗೆಯೇ ಮಾರಲಿಕ್ಕೆ ಈಗ ಬರುವುದಿಲ್ಲ.