ಹತ್ತು ಕೋಟಿಯೋ, ಎರಡೂವರೆ ಕೋಟಿಯೋ? ಚೀನೀ ಕಲಿಯುವವರ ಲೆಕ್ಕ

ಜಗತ್ತಿನಲ್ಲಿ ಎಷ್ಟು ಜನ ಚೀನೀ ಭಾಷೆ ಕಲಿಯುತ್ತಿದ್ದಾರೆ? 2010ರ ಸುಮಾರಿಗೆ ಚೀನಾದ ಅಧಿಕಾರಿಗಳು ಕೊಡುತ್ತಿದ್ದ ಉತ್ತರ ನಾಲ್ಕು ಕೋಟಿ. ಆ ದಶಕದ ನಡುವೆ ಅಲ್ಲಿನ ಮಾಧ್ಯಮಗಳಲ್ಲಿ ಅದು ಹತ್ತು ಕೋಟಿಗೆ ಏರಿತ್ತು. 2020ರಲ್ಲಿ ಅದೇ ದೇಶದ ಶಿಕ್ಷಣ ಸಚಿವಾಲಯ ಸುಮಾರು ಎರಡೂವರೆ ಕೋಟಿ ಎಂದಿತು; ಆಮೇಲೆ ಮೂರು ಕೋಟಿ ಎಂದಿತು. ಇದರ ಜೊತೆಗೆ, ಇದುವರೆಗೆ ಕಲಿತವರೆಲ್ಲ ಸೇರಿ ಸುಮಾರು ಇಪ್ಪತ್ತು ಕೋಟಿ ಎಂಬ ಇನ್ನೊಂದು ಅಂಕಿಯೂ ಇದೆ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದು ಯಾವಾಗಲೂ ದೊಡ್ಡ ಅಂಕಿಯೇ. ಇಂಗ್ಲಿಷಿನ ಕಾಲ ಮುಗಿಯಿತು, ಮಕ್ಕಳಿಗೆ ಈಗಲೇ ಚೀನೀ ಕಲಿಸಿ ಎಂಬ ಬುದ್ಧಿಮಾತೂ ಅದಕ್ಕೆ ಅಂಟಿಕೊಂಡಿರುತ್ತದೆ. ಹತ್ತು ಕೋಟಿ ಎರಡೂವರೆ ಕೋಟಿಗೆ ಇಳಿದದ್ದು ಹೇಗೆ, ಉಳಿದ ಏಳೂವರೆ ಕೋಟಿ ಜನ ಎಲ್ಲಿ ಹೋದರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅವರು ಎಲ್ಲಿಗೂ ಹೋಗಿಲ್ಲ. ಎಣಿಸುವ ರೀತಿ ಬದಲಾದರೆ ಮೊತ್ತವೂ ಬದಲಾಗುತ್ತದೆ, ಅಷ್ಟೇ.

ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಕೆಆರ್‌ಎಸ್ ಜಲಾಶಯದ ಪಟ್ಟಿಯನ್ನು ನೆನಪಿಸಿಕೊಳ್ಳಿ. ಒಳಹರಿವು ಕ್ಯೂಸೆಕ್‌ನಲ್ಲಿ, ಸಂಗ್ರಹ ಟಿಎಂಸಿಯಲ್ಲಿ. ಮಂಡ್ಯದ ಯಾವ ರೈತರೂ ಇವೆರಡನ್ನು ಒಂದೇ ಎಂದುಕೊಳ್ಳುವುದಿಲ್ಲ. ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದು ಬಂದರೆ ಒಂದು ಟಿಎಂಸಿ. ಅಷ್ಟನ್ನೇ ಕೆಳಕ್ಕೆ ಬಿಟ್ಟರೆ ಸಂಗ್ರಹ ಇದ್ದಲ್ಲೇ ಇರುತ್ತದೆ. ಒಂದು ವರ್ಷದಲ್ಲಿ ಬಂದುಹೋದ ನೀರನ್ನೆಲ್ಲ ಕೂಡಿದರೆ ಅದು ಅಣೆಕಟ್ಟಿನ 49 ಟಿಎಂಸಿ ಸಾಮರ್ಥ್ಯವನ್ನು ಮೀರಬಹುದು. ಅದನ್ನು ನೋಡಿ ಅಣೆಕಟ್ಟು ಇದ್ದಕ್ಕಿದ್ದಂತೆ ದೊಡ್ಡದಾಯಿತು ಎಂದು ಯಾರೂ ಹೇಳುವುದಿಲ್ಲ. ಚೀನೀ ಕಲಿಯುವವರ ವಿಷಯದಲ್ಲಿ ಮಾತ್ರ ಎಲ್ಲರೂ ಹಾಗೆಯೇ ಹೇಳುತ್ತಾರೆ.

ಒಳಹರಿವಿಗೂ ಸಂಗ್ರಹಕ್ಕೂ ಇರುವ ನಂಟನ್ನು ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ವರ್ಷಕ್ಕೆ ಒಳಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಸರಾಸರಿ ಎಷ್ಟು ವರ್ಷ ಒಳಗಿರುತ್ತಾರೆ ಎಂಬುದರಿಂದ ಗುಣಿಸಿದರೆ, ಯಾವುದೇ ಹೊತ್ತಿನಲ್ಲಿ ಒಳಗಿರುವವರ ಸರಾಸರಿ ಸಂಖ್ಯೆ ಸಿಗುತ್ತದೆ. ಇಷ್ಟೇ ಸೂತ್ರ. ನೋಡಲು ಸಪ್ಪೆ, ಆದರೆ ಇದನ್ನು ಕೈಯಲ್ಲಿ ಹಿಡಿದರೆ ಸಾಕು, ಎಷ್ಟೋ ಜಂಬದ ಅಂಕಿಗಳು ಚಪ್ಪಟೆಯಾಗುತ್ತವೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ವರ್ಷಕ್ಕೆ ಒಂದು ಕೋಟಿ ಜನ ಚೀನೀ ಕಲಿಯಲು ಕುಳಿತು, ಸರಾಸರಿ ಆರು ತಿಂಗಳಲ್ಲಿ ಕೈಬಿಡುತ್ತಾರೆ. ಯಾವ ದಿನ ಎಣಿಸಿದರೂ ಐವತ್ತು ಲಕ್ಷ ಜನ ಸಿಗುತ್ತಾರೆ. ಈಗ ಇನ್ನೊಂದು ಲೋಕ: ವರ್ಷಕ್ಕೆ ಐದೇ ಲಕ್ಷ ಜನ ಸೇರುತ್ತಾರೆ, ಆದರೆ ಹತ್ತು ವರ್ಷ ಬಿಡದೆ ಕಲಿಯುತ್ತಾರೆ. ಅಲ್ಲಿಯೂ ಸಿಗುವುದು ಐವತ್ತು ಲಕ್ಷವೇ. ಮೊದಲ ಲೋಕದಲ್ಲಿ ನಮಸ್ಕಾರ ಹೇಳಬಲ್ಲವರು ಬೀದಿಬೀದಿಗೂ ಇರುತ್ತಾರೆ, ಪತ್ರಿಕೆ ಓದಬಲ್ಲವರು ಸಿಗುವುದು ದುರ್ಲಭ. ಎರಡನೆಯದರಲ್ಲಿ ಅನುವಾದಕರ ದಂಡೇ ಸಿದ್ಧವಾಗಿರುತ್ತದೆ. ಇನ್ನು ‘ಇದುವರೆಗೆ ಕಲಿತವರು’ ಎಂದು ಹತ್ತು ವರ್ಷದ ಲೆಕ್ಕ ಹಾಕಿದರಂತೂ ಮೊದಲ ಲೋಕವೇ ಹತ್ತು ಕೋಟಿಯೊಂದಿಗೆ ಮೆರೆಯುತ್ತದೆ. ಆ ಮೊತ್ತಕ್ಕೆ ಇಳಿಕೆ ಎಂಬುದೇ ಗೊತ್ತಿಲ್ಲ. ಎಲ್ಲರೂ ನಾಳೆಯೇ ಕಲಿಯುವುದನ್ನು ನಿಲ್ಲಿಸಿದರೂ ಅದು ಕಡಿಮೆಯಾಗುವುದಿಲ್ಲ.

ಚೀನೀ ಭಾಷೆಯಲ್ಲಿ ಈ ‘ಒಳಗಿರುವ ಕಾಲ’ಕ್ಕೆ ತೂಕ ಹೆಚ್ಚು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಅಂದಾಜಿನಲ್ಲಿ ಇಂಗ್ಲಿಷ್ ಬಲ್ಲವರಿಗೆ ಸ್ಪ್ಯಾನಿಷ್ ಬರಲು ಸುಮಾರು 30 ವಾರ ಸಾಕು, ಹಿಂದಿಗೆ 44 ವಾರ, ಮ್ಯಾಂಡರಿನ್‌ಗೆ (ಶಿಷ್ಟ ಚೀನೀಗೆ) 88 ವಾರ, ಅಂದರೆ 2,200 ಗಂಟೆಗಳ ತರಗತಿ ಬೇಕು. ಅದೇ ಕೆಲಸವೆಂದು ದಿನವಿಡೀ ಕುಳಿತು ಕಲಿಯುವವರ ಮಾತಿದು. ಕೆಲಸದ ನಡುವೆ ವಾರಕ್ಕೆ ಮೂರು ಗಂಟೆ ಹೊಂದಿಸಿಕೊಳ್ಳುವವರಿಗೆ 2,200 ಗಂಟೆ ಮುಗಿಯಲು ಹದಿನಾಲ್ಕು ವರ್ಷ ಹಿಡಿಯುತ್ತದೆ. ಎಚ್‌ಎಸ್‌ಕೆ ಎಂಬ ಚೀನೀ ಪ್ರಾವೀಣ್ಯ ಪರೀಕ್ಷೆಯ 2010ರ ಪಠ್ಯಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಆರನೆಯ ಹಂತಕ್ಕೆ 5,000 ಪದ. ಕೋಟಿಗಳ ಲೆಕ್ಕದಲ್ಲಿ ಮೊದಲ ಹಂತದವರೂ ಆರನೆಯ ಹಂತದವರೂ ಒಂದೊಂದು ತಲೆ.

ಹಾಗಾದರೆ ನಂಬಬಹುದಾದ ಎಣಿಕೆ ಎಲ್ಲಿಯೂ ಇಲ್ಲವೇ? ಸಣ್ಣದೊಂದಿದೆ. ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ 1958ರಿಂದ ಅಲ್ಲಿನ ಕಾಲೇಜುಗಳಲ್ಲಿ ಯಾವ ಭಾಷೆಯ ತರಗತಿಗೆ ಎಷ್ಟು ದಾಖಲಾತಿ ಎಂದು ಕೆಲವು ವರ್ಷಗಳಿಗೊಮ್ಮೆ ಲೆಕ್ಕ ಹಾಕುತ್ತ ಬಂದಿದೆ. ಚೀನೀ ತರಗತಿಗಳಲ್ಲಿ 2013ರಲ್ಲಿ ಸುಮಾರು 61 ಸಾವಿರ, 2016ರಲ್ಲಿ 53 ಸಾವಿರ, 2021ರಲ್ಲಿ 46 ಸಾವಿರದ ಆಸುಪಾಸು. ಇದನ್ನು ಕಂಡೊಡನೆ ರಾಜಕೀಯದ ವ್ಯಾಖ್ಯಾನ ಶುರುವಾಗುತ್ತದೆ. ಚೀನೀ ಕಲಿಸಲೆಂದು ಚೀನಾ ಸರ್ಕಾರ ಹೊರದೇಶಗಳಲ್ಲಿ ತೆರೆದ, ಪ್ರಾಚೀನ ತತ್ತ್ವಜ್ಞಾನಿಯ ಹೆಸರಿನ ಕನ್‌ಫ್ಯೂಷಿಯಸ್ ಸಂಸ್ಥೆಗಳು 2004ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಆರಂಭವಾಗಿ 2019ರ ಹೊತ್ತಿಗೆ 162 ದೇಶಗಳಲ್ಲಿ 550 ಆಗಿದ್ದವು. ಅಮೆರಿಕದಲ್ಲಿದ್ದ ಸುಮಾರು ನೂರು ಒಂದೊಂದಾಗಿ ಬಾಗಿಲು ಮುಚ್ಚಿ, 2023ರಲ್ಲಿ ಐದೂ ಉಳಿಯಲಿಲ್ಲ. ಅದರಿಂದಲೇ ಚೀನೀ ಕಲಿಕೆ ಕುಸಿಯಿತು ಎಂಬುದು ವಾದ. ಆದರೆ ಅದೇ ವರದಿಯ ಪಕ್ಕದ ಸಾಲುಗಳನ್ನೂ ಓದಬೇಕು. 2016ರಿಂದ 2021ರ ನಡುವೆ ಇಂಗ್ಲಿಷ್ ಬಿಟ್ಟು ಉಳಿದ ಎಲ್ಲ ಭಾಷೆಗಳ ದಾಖಲಾತಿ ಒಟ್ಟಾರೆ ಶೇ 16ಕ್ಕೂ ಹೆಚ್ಚು ಇಳಿದಿದೆ. ಜರ್ಮನ್ ಮೂರನೇ ಒಂದು ಪಾಲನ್ನೇ ಕಳೆದುಕೊಂಡಿದೆ. ಚೀನೀ ಇಳಿದದ್ದು ಈ ಸರಾಸರಿಗಿಂತ ತುಸು ಕಡಿಮೆಯೇ. ಜೋರಾಗಿ ಏರಿದ್ದು ಕೊರಿಯನ್. ಅದರ ಹಿಂದೆ ಯಾವ ತತ್ತ್ವಜ್ಞಾನಿಯ ಹೆಸರಿನ ಸಂಸ್ಥೆಯೂ ಇರಲಿಲ್ಲ, ಹಾಡುಗಳೂ ಧಾರಾವಾಹಿಗಳೂ ಇದ್ದವು.

ಚೀನೀ ಕಲಿಯುವ ಬ್ರಿಟಿಷರ ಸಂಖ್ಯೆ ನಿಖರವಾಗಿ ಗೊತ್ತಿದ್ದ ಕಾಲವೂ ಒಂದಿತ್ತು, ಏಕೆಂದರೆ ಅದು ಸೊನ್ನೆಗೆ ತೀರ ಹತ್ತಿರವಿತ್ತು. 1759ರಲ್ಲಿ ಜೇಮ್ಸ್ ಫ್ಲಿಂಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ದುಭಾಷಿ ಚಿಯೆನ್‌ಲುಂಗ್ ಚಕ್ರವರ್ತಿಗೆ ಚೀನೀಯಲ್ಲಿ ದೂರು ಬರೆದು ಕೊಟ್ಟ. ಅವನಿಗೆ ಮಕಾವುವಿನಲ್ಲಿ ಮೂರು ವರ್ಷ ಸೆರೆ. ದೂರು ಬರೆಯಲು ನೆರವಾದ ಚೀನೀಯನ ತಲೆ ಹೋಯಿತು. ಆಮೇಲೆ ಪರದೇಶದವರಿಗೆ ಚೀನೀ ಕಲಿಸುವುದು ಜೀವಕ್ಕೇ ಎರವಾಗುವ ಕೆಲಸವಾಯಿತು. 1792ರಲ್ಲಿ ಮೆಕಾರ್ಟ್ನಿ ಎಂಬ ಬ್ರಿಟಿಷ್ ರಾಯಭಾರಿಯ ತಂಡ ಬೀಜಿಂಗಿಗೆ ಹೊರಟಾಗ ಇಡೀ ಬ್ರಿಟನ್ನಿನಲ್ಲಿ ಒಬ್ಬ ತಕ್ಕ ದುಭಾಷಿ ಸಿಗದೆ, ಇಟಲಿಯ ನೇಪಲ್ಸ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಚೀನೀಯರನ್ನು ಕರೆತರಬೇಕಾಯಿತು. ಹಡಗಿನಲ್ಲಿ ಅವರಿಂದ ಚೀನೀ ಕಲಿತವನು ಹನ್ನೊಂದು ವರ್ಷದ ಹುಡುಗ, ಜಾರ್ಜ್ ಥಾಮಸ್ ಸ್ಟಾಂಟನ್. ಮರುವರ್ಷ ಚಕ್ರವರ್ತಿಯ ಎದುರು ಅವನು ನಾಲ್ಕು ಮಾತಾಡಿದಾಗ ಚಕ್ರವರ್ತಿ ಮೆಚ್ಚಿ ತನ್ನ ಸೊಂಟದ ಚೀಲವನ್ನೇ ಬಿಚ್ಚಿ ಕೊಟ್ಟ. ಆ ಹುಡುಗನ ತಂದೆ ನಮಗೆ ತೀರ ಅಪರಿಚಿತನಲ್ಲ: 1784ರಲ್ಲಿ ಟಿಪ್ಪು ಸುಲ್ತಾನನೊಂದಿಗೆ ಮಂಗಳೂರು ಒಪ್ಪಂದ ಮಾಡಿಕೊಂಡ ಮೂವರು ಕಂಪನಿ ಪ್ರತಿನಿಧಿಗಳಲ್ಲಿ ಒಬ್ಬ.

ಇಂದಿನ ಎಣಿಕೆಗೆ ಬರೋಣ. ಮಲೇಷ್ಯಾದಲ್ಲಿ ಸುಮಾರು 1,300 ಚೀನೀ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಮನೆಯಲ್ಲಿ ಹೊಕ್ಕಿಯೆನ್ ಎಂಬ ದಕ್ಷಿಣ ಚೀನಾದ ಮಾತನ್ನು ಆಡುವ ಮಗು ಅಲ್ಲಿ ಮ್ಯಾಂಡರಿನ್ ಕಲಿತರೆ ಅದನ್ನು ಕಲಿಯುವವರ ಪಟ್ಟಿಗೆ ಸೇರಿಸಬೇಕೋ, ಮಾತೃಭಾಷಿಕರ ಪಟ್ಟಿಗೋ? ಸೇರಿಸಿದರೆ ಕೋಟಿಗಳು ಏರುತ್ತವೆ, ಬಿಟ್ಟರೆ ಇಳಿಯುತ್ತವೆ. ಹತ್ತು ಕೋಟಿಗೂ ಎರಡೂವರೆ ಕೋಟಿಗೂ ನಡುವಿನ ಕಂದಕದಲ್ಲಿ ಬಹುಪಾಲು ಇಂಥ ವಲಸಿಗರ ಮಕ್ಕಳೇ ಇರಬೇಕು ಎಂಬುದು ನನ್ನ ಗುಮಾನಿ.

ಆದರೆ ಇದೇ ಪ್ರಶ್ನೆಯನ್ನು ಚೀನಾದ ಗಡಿಯೊಳಕ್ಕೆ ಒಯ್ದರೆ ಮೇಲಿನ ಅಂಕಿಗಳೆಲ್ಲ ಚಿಲ್ಲರೆಯಾಗುತ್ತವೆ. ಕ್ಯಾಂಟನೀಸ್, ಹಕ್ಕಾ, ಶಾಂಘೈ ಮಾತುಗಳು ಬೀಜಿಂಗಿನವರ ಕಿವಿಗೆ ಅರ್ಥವಾಗುವಂಥವಲ್ಲ. ಟಿಬೆಟನ್ ದೂರದ ನೆಂಟನಾದರೂ ಬೇರೆಯೇ ಭಾಷೆ; ಉಯ್ಘರ್, ಮಂಗೋಲಿಯನ್‌ಗಳಂತೂ ಬೇರೆ ಕುಟುಂಬದ ಭಾಷೆಗಳೇ. 1956ರಿಂದ ಸರ್ಕಾರ ಇವರೆಲ್ಲರಿಗೂ ಪುಟೊಂಗ್‌ಹುವಾ, ಅಂದರೆ ಬೀಜಿಂಗ್ ಉಚ್ಚಾರದ ಶಿಷ್ಟ ಚೀನೀಯನ್ನು ಕಲಿಸುತ್ತ ಬಂದಿದೆ. ಕೆಲವರು ಕೆಲಸ ಹುಡುಕಿ ಪಟ್ಟಣಕ್ಕೆ ಬಂದು ತಾವಾಗಿ ಕಲಿತರು. ಕೆಲವರ ಮೇಲೆ ಹೇರಲಾಯಿತು. 2020ರಲ್ಲಿ ಒಳ ಮಂಗೋಲಿಯಾದ ಶಾಲೆಗಳಲ್ಲಿ ಮಂಗೋಲಿಯನ್‌ನಲ್ಲಿ ನಡೆಯುತ್ತಿದ್ದ ಕೆಲವು ಪಾಠಗಳನ್ನು ಚೀನೀಗೆ ಬದಲಿಸಿದಾಗ ಪೋಷಕರು ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಇಷ್ಟಪಟ್ಟು ಕಲಿತವರನ್ನೂ ಬೇರೆ ದಾರಿಯಿಲ್ಲದೆ ಕಲಿತವರನ್ನೂ ಸರ್ಕಾರಿ ಅಂಕಿ ಒಟ್ಟಿಗೇ ಎಣಿಸುತ್ತದೆ: 2000ದ ಸುಮಾರಿಗೆ ಪುಟೊಂಗ್‌ಹುವಾ ಬಲ್ಲವರು ಜನಸಂಖ್ಯೆಯ ಶೇ 53, 2020ರಲ್ಲಿ ಶೇ 80.72. ಆಯಾ ಕಾಲದ ಜನಸಂಖ್ಯೆಗೆ ಗುಣಿಸಿ ಕಳೆದರೆ ಇಪ್ಪತ್ತು ವರ್ಷಗಳಲ್ಲಿ ಹೆಚ್ಚಿದವರು ಸುಮಾರು 47 ಕೋಟಿ. 2025ಕ್ಕೆ ಇಟ್ಟ ಗುರಿ ಶೇ 85. ಕೇಳಲು ನಾಲ್ಕು ಚಿಲ್ಲರೆ ಅಂಶದ ಏರಿಕೆ. ತಲೆಗಳಲ್ಲಿ ಆರು ಕೋಟಿ: ಹೊರಜಗತ್ತಿನಲ್ಲಿ ಚೀನೀ ಕಲಿಯುತ್ತಿದ್ದಾರೆ ಎಂದು ಆ ಸರ್ಕಾರವೇ ಹೇಳುವ ಎಲ್ಲರ ಎರಡು ಪಟ್ಟು.