ಅನೊರೆಕ್ಸಿಯಾ ನರ್ವೋಸಾ ಎಂದರೆ ‘ಹಸಿವಿಲ್ಲ’ ಎಂದಲ್ಲ

ಜ್ವರ ಬಂದರೆ ಬಾಯಿ ಕಹಿಯಾಗಿ ಊಟ ಸೇರುವುದಿಲ್ಲ. ಜಾಂಡೀಸ್ ಆದವರಿಗೆ ಅನ್ನ ಕಂಡರೇ ಆಗುವುದಿಲ್ಲ. ವೈದ್ಯರು ಇದನ್ನು ಕೇಸ್ ಶೀಟಿನಲ್ಲಿ ‘ಅನೊರೆಕ್ಸಿಯಾ’ ಎಂದು ಬರೆಯುತ್ತಾರೆ. ಗ್ರೀಕ್ ಮೂಲದ ಪದ ಇದು. ‘ಅನ್’ ಎಂದರೆ ಇಲ್ಲ, ‘ಒರೆಕ್ಸಿಸ್’ ಎಂದರೆ ಹಸಿವು, ಬಯಕೆ. ಅಲ್ಲಿಗೆ ಅರ್ಥ ಸರಿಯಾಗಿದೆ.

ಗೊಂದಲ ಶುರುವಾಗುವುದು ಇದಕ್ಕೆ ‘ನರ್ವೋಸಾ’ ಎಂಬ ಬಾಲ ಸೇರಿದಾಗ. ಅನೊರೆಕ್ಸಿಯಾ ನರ್ವೋಸಾ ಬೇರೆಯೇ ಕಾಯಿಲೆ. ಮನಸ್ಸಿನಲ್ಲಿ ಹುಟ್ಟಿ ಮೈಯನ್ನೆಲ್ಲ ಸವೆಸುವ ಕಾಯಿಲೆ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಹೆಸರು ಕೊಟ್ಟರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಲಾಸೆಗ್ ಎಂಬ ವೈದ್ಯರೂ ಇಂಥದೇ ರೋಗಿಗಳ ಬಗ್ಗೆ ಬರೆದರು. ಹೆಸರು ಉಳಿದುಕೊಂಡಿತು. ಆದರೆ ಆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎನ್ನುವುದು ನನ್ನ ತಕರಾರು. ಈ ಕಾಯಿಲೆ ಇರುವವರಿಗೆ ಹಸಿವಾಗುತ್ತದೆ. ಎಷ್ಟೋ ಜನಕ್ಕೆ ದಿನವಿಡೀ ಊಟದ್ದೇ ಯೋಚನೆ. ತಿಂದರೆ ದಪ್ಪ ಆಗಿಬಿಡುತ್ತೇನೆ ಎಂಬ ಭಯ ಆ ಹಸಿವನ್ನೂ ಮೀರಿಸಿರುತ್ತದೆ. ಜರ್ಮನ್ನರು ಇದನ್ನು ‘ಮಾಗರ್‌ಜುಖ್ಟ್’ ಎನ್ನುತ್ತಾರೆ, ಅಂದರೆ ತೆಳ್ಳಗಾಗುವ ಗೀಳು. ಅದು ಹೆಚ್ಚು ಹತ್ತಿರದ ಹೆಸರು ಅನ್ನಿಸುತ್ತದೆ.

ಉಪವಾಸಕ್ಕೂ ಇದಕ್ಕೂ ಏನು ವ್ಯತ್ಯಾಸ? ಏಕಾದಶಿ ಮಾಡುವವರು ದ್ವಾದಶಿ ಬೆಳಿಗ್ಗೆ ಪಾರಣೆ ಮಾಡುತ್ತಾರೆ, ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಖುಷಿಯಿಂದ ಉಣ್ಣುತ್ತಾರೆ. ಇಲ್ಲಿ ಪಾರಣೆಯ ದಿನ ಬರುವುದೇ ಇಲ್ಲ. ತೂಕ ಎಷ್ಟು ಇಳಿದರೂ ಸಾಲದು. ಕನ್ನಡಿಯಲ್ಲಿ ಕಾಣುವ ಮೈ ಅವರ ಕಣ್ಣಿಗೆ ದಪ್ಪವಾಗಿಯೇ ಕಾಣುತ್ತದೆ.

‘ಹಠ ಬಿಟ್ಟು ತಿಂದರೆ ಸರಿಹೋಗುತ್ತೆ’ ಎನ್ನುವವರಿಗೆ ನಾನು ಮಿನೆಸೋಟದ ಪ್ರಯೋಗದ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944-45. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರಿಗೆ, ಅವರ ಒಪ್ಪಿಗೆ ಪಡೆದೇ, ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ಗಟ್ಟಿಮುಟ್ಟಾದ ಯುವಕರು. ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ಹೊಟ್ಟೆ ಒಣಗುತ್ತಾ ಹೋದ ಹಾಗೆ ಅವರು ಅಡುಗೆ ಪುಸ್ತಕ ಓದತೊಡಗಿದರು. ತಟ್ಟೆಯಲ್ಲಿದ್ದ ಊಟವನ್ನು ತುಂಬಾ ಹೊತ್ತು ಎಳೆದೆಳೆದು ತಿಂದರು. ಸಿಡುಕಿದರು, ಮಂಕಾದರು, ಜನರಿಂದ ದೂರ ಸರಿದರು. ಅನೊರೆಕ್ಸಿಯಾ ಇರುವವರಲ್ಲಿ ನಾವು ‘ವಿಚಿತ್ರ ಸ್ವಭಾವ’ ಎಂದುಕೊಳ್ಳುವ ಎಷ್ಟೋ ನಡವಳಿಕೆಗಳು ಹಸಿವಿನಿಂದಲೇ ಬಂದವು ಎಂದು ಇದರಿಂದ ಗೊತ್ತಾಯಿತು. ಹಾಗಾಗಿ ವಾದ ಮಾಡಿ ಗೆಲ್ಲಲು ಹೋಗಬೇಡಿ. ಮೊದಲು ಮಿದುಳಿಗೂ ಊಟ ಸಿಗಬೇಕು.

ಗುರುತಿಸುವುದು ಕಷ್ಟ. ನಮ್ಮಲ್ಲಿ ಯಾರು ಸಿಕ್ಕರೂ ‘ಊಟ ಆಯ್ತಾ?’ ಎಂದು ಕೇಳುತ್ತೇವೆ, ಅಲ್ವಾ? ಈ ಕಾಯಿಲೆ ‘ಆಯ್ತು’ ಎಂಬ ಉತ್ತರದ ಹಿಂದೆಯೇ ಅಡಗಿಕೊಳ್ಳುತ್ತದೆ. ಕ್ಯಾಂಟೀನಿನಲ್ಲಿ ತಿಂದೆ, ಹೊಟ್ಟೆ ಸರಿಯಿಲ್ಲ, ಇವತ್ತು ಸಂಕಷ್ಟಿ. ದಿನಕ್ಕೊಂದು ನೆಪ. ಹುಡುಗಿ ಮನೆಮಂದಿಗೆಲ್ಲ ಚೆನ್ನಾಗಿ ಅಡುಗೆ ಮಾಡಿ ಬಡಿಸುತ್ತಾಳೆ, ತಾನು ಮಾತ್ರ ಕೂರುವುದಿಲ್ಲ. ಚಪಾತಿಯನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ತಿರುಗಿಸುತ್ತಾಳೆ. ಬೇಸಿಗೆಯಲ್ಲೂ ಚಳಿ, ಸಡಿಲ ಬಟ್ಟೆ, ಉದುರುವ ಕೂದಲು, ತಲೆಸುತ್ತು. ಮುಟ್ಟು ನಿಂತುಹೋಗಬಹುದು. ‘ಹುಡುಗಿ’ ಎಂದು ಬರೆದೆ, ಆದರೆ ಹುಡುಗರಿಗೂ ಇದು ಬರುತ್ತದೆ. ಜಿಮ್, ಡಯಟ್ ಎಂಬ ಹೆಸರಿನಲ್ಲಿ ಮುಚ್ಚಿಹೋಗುತ್ತದೆ. ನೋಡಲು ಸಣ್ಣಗಿಲ್ಲದವರೂ ಕಡಿಮೆ ಸಮಯದಲ್ಲಿ ಬಹಳ ತೂಕ ಇಳಿಸಿಕೊಂಡು ಅಪಾಯದಲ್ಲಿರಬಹುದು.

ಮದುವೆ ಮನೆಯಲ್ಲಿ ‘ಅಬ್ಬಾ, ಎಷ್ಟು ಸಣ್ಣ ಆಗಿದ್ದೀಯ, ಏನು ಮಾಡ್ದೆ?’ ಎಂದು ಮೆಚ್ಚಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸೋಣ. ಗುಣವಾಗುತ್ತಿರುವವರಿಗೆ ‘ಈಗ ಮೈಕೈ ತುಂಬಿಕೊಂಡಿದ್ದೀಯ’ ಎನ್ನುವುದೂ ಬೇಡ. ನಾವು ಪ್ರೀತಿಯಿಂದ ಹೇಳಿದ್ದು ಅವರಿಗೆ ‘ದಪ್ಪ ಆದೆ’ ಎಂದೇ ಕೇಳುತ್ತದೆ. ತೂಕದ ಮಾತು ಬಿಟ್ಟು, ಊಟದ ಹೊತ್ತಲ್ಲದ ಹೊತ್ತಿನಲ್ಲಿ, ಕಂಡದ್ದನ್ನಷ್ಟೇ ಹೇಳಿ: ‘ಇತ್ತೀಚೆಗೆ ತುಂಬಾ ಸುಸ್ತಾಗಿ ಕಾಣ್ತೀಯ ಕಂದ, ನನಗೆ ಚಿಂತೆ ಆಗಿದೆ.’ ಮೊದಲ ಸಲ ಅವಳು ರೇಗಬಹುದು. ನಾಲ್ಕು ದಿನ ಬಿಟ್ಟು ಮತ್ತೆ ಹೇಳಿ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಹಿಡಿದು ಅಪ್ಪ ಅಮ್ಮನನ್ನು ದೂರುವವರಿದ್ದಾರೆ. ಇದು ಯಾರೋ ಸರಿಯಾಗಿ ಬೆಳೆಸದೆ ಬಂದ ರೋಗವಲ್ಲ. ಹುಟ್ಟಿನಿಂದ ಬಂದ ಗುಣ, ಮನಸ್ಸಿನ ಒತ್ತಡ, ಸುತ್ತಲಿನವರ ಮಾತು ಎಲ್ಲ ಸೇರಿ ಬರುತ್ತದೆ. ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಚಿಕಿತ್ಸೆಯಲ್ಲಂತೂ ಹೆತ್ತವರೇ ಮುಖ್ಯ. ಮಗು ಏನು, ಎಷ್ಟು ತಿನ್ನಬೇಕು ಎಂಬುದನ್ನು ಕೆಲವು ಕಾಲ ಅವರೇ ನಿರ್ಧರಿಸಿ, ಪಕ್ಕದಲ್ಲಿ ಕೂತು ಊಟ ಮಾಡಿಸುತ್ತಾರೆ. ಹದಿಹರೆಯದವರಲ್ಲಿ ಇದು ಒಳ್ಳೆಯ ಫಲ ಕೊಟ್ಟಿದೆ.

ಹಾಗಂತ ಮನೆಯಲ್ಲೇ ಹೋಳಿಗೆ ತುರುಕಲು ಹೋಗಬೇಡಿ. ತುಂಬಾ ದಿನ ಹಸಿದ ದೇಹಕ್ಕೆ ದಿಢೀರನೆ ಜಾಸ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್‌ನಂಥ ಲವಣಗಳು ಕುಸಿದು ಜೀವಕ್ಕೇ ಕುತ್ತಾಗಬಹುದು. ವೈದ್ಯರು ರಕ್ತ, ಇಸಿಜಿ ನೋಡಿ ಊಟ ಹೆಚ್ಚಿಸುತ್ತಾ ಹೋಗುತ್ತಾರೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಇದೂ ಒಂದು. ಗುಣವಾಗಲು ವರ್ಷಗಳೇ ಹಿಡಿಯಬಹುದು, ಆದರೆ ಎಷ್ಟೋ ಜನ ಗುಣವಾಗುತ್ತಾರೆ.

ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ, ನೀರು ಕುಡಿಯುವುದನ್ನೂ ಬಿಟ್ಟರೆ, ಸಾಯುವ ಮಾತಾಡಿದರೆ ಫೋನಿಗೂ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.